ಚೀಲದಲ್ಲಿದ್ದದ್ದು ನನ್ನ ಉಸಿರು

ಆಗಸ್ಟ್ 17, ಭಾನುವಾರ

ಇಲ್ಲ ಅಪ್ಪ, ಇದು ಚಿಕ್ಕ ವಿಷಯ ಅಲ್ಲ. ಅಂಗಳದ ಒಲೆಯ ಮೇಲೆ ಸಾಸೇಜು ತಿರುಗಿಸುತ್ತಾ "ಚಿಕ್ಕ ವಿಷಯ ಮಗಾ, ಬಿಟ್ಟಾಕು" ಅಂದೆಯಲ್ಲ, ಆಗ ಜನ ಇದ್ದರು ಅಂತ ಸುಮ್ಮನಿದ್ದೆ. ಈಗ ಈ ಡೈರಿಯಲ್ಲಿ ಹೇಳುತ್ತೇನೆ. ಇಲ್ಲಿ ಆದರೆ ನೀನು ನಡುವೆ ಬಾಯಿ ಹಾಕುವುದಕ್ಕೆ ಆಗುವುದಿಲ್ಲ. ನೀನು ನನ್ನ ಉಸಿರು ಕದ್ದೆ. ಕದ್ದು, ಅದಕ್ಕೆ ನಿನ್ನ ಹೆಸರು ಅಂಟಿಸಿ ಕಳಿಸಿದೆ.

ನಡೆದದ್ದನ್ನು ಸರಿಯಾಗಿ ಬರೆದಿಡಬೇಕು. ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ಮಧ್ಯಾಹ್ನ ಅಮ್ಮ ಪಕ್ಕದ ಮನೆಯ ಗ್ಲೆನಿಸ್‌ಳನ್ನು ಊಟಕ್ಕೆ ಕರೆದಿದ್ದಳು. ಬೀಟ್‌ರೂಟಿನ ಡಬ್ಬಿ ತೆರೆಯುತ್ತಾ, ಅಪ್ಪನ ಕಡೆ ಕೈ ತೋರಿಸಿ, ಅಮ್ಮ ಹೇಳಿದಳು: "ಡೆಸ್‌ಗೆ ಫೋನ್ ಬಂತು ಕಣೇ. ಎದೆ ಕ್ಲೀನಂತೆ! ಆ ಚೀಲದಲ್ಲಿ ಕ್ಯಾನ್ಸರ್ ಸುಳಿವೇ ಇಲ್ವಂತೆ."

"ಯಾವ ಚೀಲ?"

"ಅದೇ, ಷೋ ಮೈದಾನದಲ್ಲಿ ಸ್ಕ್ಯಾನ್ ಲಾರಿ ನಿಂತಿದ್ಯಲ್ಲ, ಅವರು ಮನೆಗೆ ಕಳಿಸ್ತಾರೆ. ನೀಲಿ ಮೂತಿ ಇರತ್ತೆ. ಅದ್ರಲ್ಲಿ ಊದಿ ವಾಪಸ್ ಕೊಟ್ರೆ ಆಯ್ತು. ಯಾವುದೋ ವಿಶ್ವವಿದ್ಯಾಲಯದೋರು ಹೊಸದಾಗಿ ನೋಡ್ತಿರೋದಂತೆ. ಚಾಕೂ ಇಲ್ಲ, ಸೂಜೀನೂ ಇಲ್ಲ."

ನೀಲಿ ಮೂತಿ. ಕೈಯಲ್ಲಿದ್ದ ಬ್ರೆಡ್ಡು ಕೆಳಗಿಟ್ಟೆ.

ಹೋದ ತಿಂಗಳು ಅಪ್ಪ ನನ್ನ ಕೋಣೆಗೆ ಒಂದು ಬೆಳ್ಳಿ ಬಣ್ಣದ ಚೀಲ ತಂದಿದ್ದ. "ಅತ್ತೆ ಕಡೆಯೋರು ಕಳಿಸಿದಾರೆ. ಗಾಡಿ ಓಡ್ಸೋನು ನೀನಲ್ವಾ, ನಿನ್ನ ಉಸಿರು ಬೇಕಂತೆ. ಊದು, ಪೂರ್ತಿ ಉಬ್ಬೋವರೆಗೂ" ಅಂದ. ನಾನು ಊದಿದೆ. ಚೀಲ ದಿಂಬಿನ ಹಾಗೆ ಉಬ್ಬಿತು. "ಭೇಷ್" ಅಂತ ಬೆನ್ನು ತಟ್ಟಿ ಹೋದ.

ಅತ್ತೆ ಅಂದರೆ ನಮ್ಮ ಪಿಕಪ್ ಗಾಡಿಯಲ್ಲಿರುವ ಡಬ್ಬಿ. ಅಪ್ಪ ಹೋದ ವರ್ಷ ಕುಡಿದು ಓಡಿಸಿ ಸಿಕ್ಕಿಬಿದ್ದಾಗ ಕೋರ್ಟಿನವರು ಹಾಕಿಸಿದ್ದು. ಅದಕ್ಕೆ ಊದಬೇಕು. ಬಾಯಲ್ಲಿ ಹೆಂಡದ ವಾಸನೆ ಇಲ್ಲ ಅಂತ ಖಾತ್ರಿಯಾದರೆ ಮಾತ್ರ ಗಾಡಿ ಶುರುವಾಗುತ್ತದೆ. ಯಾರು ಓಡಿಸುತ್ತಾರೋ ಅವರೇ ಊದಬೇಕು. ಬೆಳಗಾದರೆ ಬಾಯಿ ಮೂಸುವವಳು ಅತ್ತೆ ಒಬ್ಬಳೇ ಅಂತ ಅಪ್ಪನೇ ಇಟ್ಟ ಹೆಸರು. ಈ ವರ್ಷ ಶುರುವಾದಾಗಿನಿಂದ "ನೀನೇ ಓಡ್ಸು ಮಗಾ" ಅನ್ನುತ್ತಾನೆ. ರಾತ್ರಿ ಕುಡಿದಿರುತ್ತಾನೆ, ಅತ್ತೆಗೆ ಸಿಕ್ಕಿಬೀಳುವ ಭಯ, ಅದಕ್ಕೇ ನನ್ನನ್ನು ಕೂರಿಸುತ್ತಾನೆ, ಅಷ್ಟೇ ಅಂದುಕೊಂಡಿದ್ದೆ. ದಿನಾ ಅವನನ್ನು ಅವನ ಕೆಲಸದ ಜಾಗ, ದನದ ಮೇವಿನ ಅಂಗಡಿಯಲ್ಲಿ ಇಳಿಸಿ, ಆಮೇಲೆ ನಾನು ಕೆಲಸ ಮಾಡುವ ಟೈರ್ ಅಂಗಡಿಗೆ ಹೋಗುತ್ತೇನೆ.

ಮೂವತ್ತು ವರ್ಷ ನೆಲದ ಕೆಳಗೆ ಕಲ್ಲಿದ್ದಲು ಅಗೆದವನು, ದಿನಕ್ಕೊಂದು ಪ್ಯಾಕು ಸಿಗರೇಟು ಸೇದುವವನು. ಎದೆ ಪರೀಕ್ಷೆ ಮಾಡಿಸಿದರೆ ಮಾತ್ರ ಅಕ್ಟೋಬರಿನಲ್ಲಿ ಕ್ಯಾರವಾನ್, ಆ ಚಕ್ರದ ಮೇಲಿನ ಮನೆ, ಹೊರಡುತ್ತದೆ ಅಂತ ಅಮ್ಮ ಖಡಾಖಂಡಿತವಾಗಿ ಹೇಳಿದ್ದಳು. ದೇಶ ಸುತ್ತುವುದು ಅವಳ ಮದುವೆ ಕಾಲದ ಆಸೆ.

"ಹಾಗಾದ್ರೆ ಹೊರಟ್ರಿ ಅನ್ನು!" ಅಂದಳು ಗ್ಲೆನಿಸ್. ಅಮ್ಮನ ಕಣ್ಣು ತುಂಬಿಬಂತು. ಅಪ್ಪ ನನ್ನ ಕಡೆ ನೋಡಿ ಕಣ್ಣು ಹೊಡೆದ.

ಸುಳ್ಳಿಗಿಂತ ಆ ಕಣ್ಣು ಹೊಡೆದದ್ದೇ ಜಾಸ್ತಿ ಉರಿಯುತ್ತಿದೆ. ನಾನೂ ಅವನ ಪಾಲುದಾರ ಅನ್ನುವ ಹಾಗೆ. ಆಮೇಲೆ ಒಲೆಯ ಹತ್ತಿರ ಕರೆದು "ನಾವು ಹೊರಟ ಮೇಲೆ ಗಾಡಿ ನಿಂದೇ" ಅಂದ. ಲಂಚ ಬೇರೆ.

ಆಗಸ್ಟ್ 20, ಬುಧವಾರ

ಚಳಿಗಾಲ ಇನ್ನೂ ಮುಗಿದಿಲ್ಲ, ಬೆಳಿಗ್ಗೆ ಗಾಡಿಯ ಗಾಜಿನ ಮೇಲೆಲ್ಲ ಮಂಜು ಕಟ್ಟಿತ್ತು. ಕೆರೆದೆ, ಊದಿದೆ, ಅತ್ತೆ ಒಪ್ಪಿದಳು, ಓಡಿಸಿದೆ. ಇಳಿಯುವಾಗ ಅಪ್ಪ "ಮುಖ ಯಾಕೆ ಹಳೇ ಬೂಟ್ ಥರ ಇಟ್ಕೊಂಡಿದೀಯ?" ಅಂದ. "ಕುಡುಕರಿಗೆ ಡ್ರೈವರ್ ಆಗಿ ಆಗಿ ಹಿಂಗಾಗಿದೆ" ಅಂದೆ. ನಕ್ಕ. ನಕ್ಕು ಕೆಮ್ಮಿದ.

ಗೆಳೆಯ ಬ್ರಾಡಿ ಫೋನ್ ಮಾಡಿದ್ದ. ದೇಶದ ಪಡುವಣ ತುದಿಯ ಕಬ್ಬಿಣದ ಗಣಿಯಲ್ಲಿ ಟೈರ್ ಕೆಲಸಕ್ಕೆ ಇಬ್ಬರು ಬೇಕಂತೆ. ಅಲ್ಲಿ ಒಂದೊಂದು ಟೈರು ನಮ್ಮ ಮನೆಯಷ್ಟು ಎತ್ತರ. ಅಕ್ಟೋಬರಿನಲ್ಲಿ ಹೊರಡೋಣ ಅಂದ. "ನಾಳೆಯೇ ಆದರೂ ಸೈ" ಅಂದೆ.

ಆಗಸ್ಟ್ 23, ಶನಿವಾರ

ಕೆಲಸ ಮುಗಿಸಿ ವರ್ಷಕ್ಕೊಮ್ಮೆ ದನಕರುಗಳ ಜಾತ್ರೆ ನಡೆಯುವ ಷೋ ಮೈದಾನಕ್ಕೆ ಹೋದೆ. ಸುಮ್ಮನೆ ಹೋದದ್ದು, ಅಲ್ಲಿ ಮಾಂಸ ತುಂಬಿದ ಪೈ ಮಾರುವ ಅಂಗಡಿಯೂ ಇದೆ.

ಎದೆಯ ಚಿತ್ರ ತೆಗೆಯುವ ಸ್ಕ್ಯಾನ್ ಲಾರಿ ದನ ತೂಗುವ ಕಟ್ಟೆಯ ಪಕ್ಕ ನಿಂತಿದೆ. ಮೆಟ್ಟಿಲ ಮೇಲೆ ನರ್ಸ್ ಕೂತಿದ್ದಳು. 'ಮೇಲೆ' ಅಂತ ಅವಳ ಹೆಸರು, ಟೋಂಗಾ ದ್ವೀಪದವಳು, ಭುಜ ಎಂದರೆ ನಮ್ಮೂರ ಫುಟಿ ಚೆಂಡಾಟದ ತಂಡದವರಿಗೂ ಇಲ್ಲ ಅಷ್ಟು ಅಗಲ. ನನ್ನ ಕೈಯಲ್ಲಿದ್ದ ಪೈ ನೋಡಿ "ನಂಗೆ ತಂದ್ಯಾ ಚಿನ್ನ?" ಅಂದಳು.

"ಇಲ್ಲ, ಒಂದು ವಿಷಯ ಕೇಳ್ಬೇಕಿತ್ತು. ನನ್ನ ಗೆಳೆಯ ಒಬ್ಬ ಇದಾನೆ. ಚೀಲದಲ್ಲಿ ತಾನು ಊದದೆ ಬೇರೆಯವರ ಕೈಲಿ ಊದಿಸಿಬಿಟ್ಟಿದಾನೆ."

"ಎಷ್ಟು ವಯಸ್ಸು ನಿನ್ನ ಗೆಳೆಯಂಗೆ?"

"ಅರವತ್ತೊಂದು."

"ವಯಸ್ಸಿಗೆ ತಕ್ಕ ಗೆಳೆಯನ್ನೇ ಹಿಡಿದಿದೀಯ" ಅಂದಳು. ಆದರೆ ನಗಲಿಲ್ಲ. "ಚೀಲ ಇನ್ನೂ ಹೊಸದು, ನಾವೂ ಕಲೀತಾ ಇದೀವಿ. ಚೀಲ ಚೆನ್ನಾಗಿ ಬಂದ್ರೂ ಅಷ್ಟು ವರ್ಷ ಸೇದಿದೋರೆಲ್ಲ ಚಿತ್ರ ತೆಗೆಸ್ಲೇಬೇಕು ಅಂತ ಫೋನಲ್ಲಿ ಎಲ್ರಿಗೂ ಹೇಳಿದೀನಿ. ನಿನ್ನ ಗೆಳೆಯಂಗೂ ಹೇಳಿದೀನಿ."

ಅಂದರೆ ಅಪ್ಪ ಇದನ್ನೂ ನುಂಗಿಕೊಂಡಿದ್ದಾನೆ. ಕೇಳಿದ್ದರಲ್ಲಿ ಅರ್ಧ ಮಾತ್ರ ಅಮ್ಮನಿಗೆ ಹೇಳಿದ್ದಾನೆ.

"ನೋವಾಗುತ್ತಾ?"

"ಮಲಗೋದು, ಉಸಿರು ಹಿಡಿಯೋದು, ಎದ್ದು ಬರೋದು. ಬೆಲ್ಟ್ ಕೂಡ ಬಿಚ್ಚಿಸಲ್ಲ. ಬಟಾಣಿ ಕಾಳಿನಷ್ಟಿದ್ದಾಗ ಕಣ್ಣಿಗೆ ಬಿದ್ರೆ ಏನಾದ್ರೂ ಮಾಡಬಹುದು ಚಿನ್ನ. ಕಿತ್ತಳೆಹಣ್ಣಿನಷ್ಟಾದ ಮೇಲೆ ಬಂದ್ರೆ ನಾನು ಕೈ ಹಿಡ್ಕೊಂಡು ಕೂರೋದಷ್ಟೇ."

ಲಾರಿ ಮುಂದಿನ ತಿಂಗಳು ಇಪ್ಪತ್ತಕ್ಕೆ ಬೇರೆ ಊರಿಗೆ ಹೋಗುತ್ತದಂತೆ. ಪೈ ಅವಳಿಗೇ ಕೊಟ್ಟು ಬಂದೆ. ನನಗೆ ಹಸಿವಿರಲಿಲ್ಲ.

ಆಗಸ್ಟ್ 26, ಮಂಗಳವಾರ

ಅಪ್ಪನಿಗೆ ಹೇಳಿದೆ, ಚಿತ್ರ ತೆಗೆಸು ಅಂತ. "ಆ ಲಾರಿ ಹತ್ರ ಹೋಗಿದ್ಯಾ? ಬೇಹುಗಾರ!" ಅಂದ. ಬೇಹುಗಾರನಂತೆ. ಅವನು ಮಾಡಿದ್ದಕ್ಕೆ ಏನು ಹೆಸರೋ.

ಸೆಪ್ಟೆಂಬರ್ 1, ಸೋಮವಾರ

ಇವತ್ತು ಓಡಿಸಲಿಲ್ಲ. "ಕುಡಿದಿದ್ರೆ ನಡ್ಕೊಂಡು ಹೋಗು, ಕುಡಿದಿಲ್ಲ ಅಂದ್ರೆ ನೀನೇ ಊದು" ಅಂತ ಹೇಳಿ ಹಾಸಿಗೆಯಲ್ಲೇ ಬಿದ್ದುಕೊಂಡೆ. ಸ್ವಲ್ಪ ಹೊತ್ತು ಹೊರಗೆ ಅತ್ತೆ ಕಿರ್ರ್ ಕಿರ್ರ್ ಅಂದಳು. ಆಮೇಲೆ ಗೇಟಿನ ಸದ್ದು. ಸಿಕ್ಕಿಬಿದ್ದ ಅಂತ ಖುಷಿಯಾಯಿತು.

ಕಿಟಕಿಯಿಂದ ನೋಡಿದೆ. ನಡೆದುಕೊಂಡೇ ಹೊರಟಿದ್ದ. ಮೂಲೆಯ ನೀಲಗಿರಿ ಮರದಲ್ಲಿ ಮ್ಯಾಗ್‌ಪೈ ಗೂಡು ಕಟ್ಟಿದೆ. ನಮ್ಮ ಕಡೆ ಸೆಪ್ಟೆಂಬರಿಗೆ ವಸಂತ ಬಂತೆಂದರೆ ಆ ಕಪ್ಪುಬಿಳಿ ಹಕ್ಕಿಗೆ ದಾರಿಹೋಕರ ತಲೆಯೆಲ್ಲ ಶತ್ರು. ಪ್ರತಿ ವರ್ಷ ಅಪ್ಪ ಟೋಪಿ ತಿರುಗಿಸುತ್ತಾ, ಕೆಟ್ಟ ಮಾತು ಬೈಯುತ್ತಾ, ಮರದ ಕೆಳಗೆ ಓಡುವುದನ್ನು ನೋಡಿ ನಾವೆಲ್ಲ ನಗುತ್ತಿದ್ದೆವು. ಇವತ್ತು ಅವನು ಓಡಲಿಲ್ಲ. ಹಕ್ಕಿ ಒಂದು ಸಲ ಎರಗಿತು, ಇನ್ನೊಂದು ಸಲ ಎರಗಿತು, ಟೋಪಿ ಬಿತ್ತು. ಅಪ್ಪ ಎರಡೂ ಕೈ ಮೊಣಕಾಲ ಮೇಲೆ ಊರಿ ಬಗ್ಗಿ ನಿಂತ. ಹಕ್ಕಿ ಬೋಳುತಲೆ ಕುಕ್ಕುತ್ತಿದ್ದರೂ ಹಾಗೇ ನಿಂತಿದ್ದ.

ರಾತ್ರಿ ಎಷ್ಟು ಏರಿಸಿದ್ದನೋ ಅಂದುಕೊಂಡೆ.

ಬಾಟಲಿಗಳ ತೊಟ್ಟಿ ನೋಡಿದೆ. ನನ್ನವೇ ಮೂರು ಬಿಯರ್ ಬಾಟಲಿ ಇದ್ದವು. ಎಲ್ಲಿ ಬಚ್ಚಿಡುತ್ತಾನೋ.

ಸೆಪ್ಟೆಂಬರ್ 7, ಭಾನುವಾರ, ಅಪ್ಪಂದಿರ ದಿನ

ಏನೂ ಕೊಡಬಾರದು ಅಂದುಕೊಂಡಿದ್ದೆ. ಕಾಲುಚೀಲ ಕೊಟ್ಟೆ. ಅಮ್ಮ ತಂದಿಟ್ಟಿದ್ದಳು, ನನ್ನ ದುಡ್ಡಲ್ಲ.

ಹನ್ನೊಂದು ಗಂಟೆಗೆ ಅಪ್ಪ "ಕ್ಲಬ್ಬಿಗೆ ಹೋಗೋಣ ಬಾ, ಇವತ್ತು ಮಾಂಸ ಗೆಲ್ಲೋ ಲಾಟರಿ ಇದೆ, ಊದು" ಅಂತ ಗಾಡಿ ಕೀಲಿ ಎಸೆದ. ನಾನು ಹಿಡಿಯಲಿಲ್ಲ.

"ಇವತ್ತು ನಿಂದೇ ದಿನ. ನೀನೇ ಊದು."

"ಯಾಕೋ ಹಠ?"

"ಕುಡಿದಿಲ್ಲ ಅಂದ್ರೆ ಭಯ ಯಾಕೆ?"

ನಾನು ಪಕ್ಕದ ಸೀಟಿನಲ್ಲಿ ಹೋಗಿ ಕೂತೆ. ಕೆಂಪು ದೀಪ ಹತ್ತುವುದನ್ನು ಹತ್ತಿರದಿಂದ ನೋಡಬೇಕಿತ್ತು. ಅವನ ಮುಖ ಸಣ್ಣದಾಗುವುದನ್ನು ನೋಡಬೇಕಿತ್ತು. ಸುಳ್ಳು ಯಾಕೆ ಬರೆಯಲಿ.

ಅಪ್ಪ ಕೀಲಿ ಹೆಕ್ಕಿ ಡ್ರೈವರ್ ಸೀಟಿಗೆ ಬಂದು ಕೂತ. ಆಮೇಲೆ ಕೊಳವೆ ಬಾಯಿಗಿಟ್ಟು ಊದಿದ. ಕಿರ್ರ್. ಪರದೆಯ ಮೇಲೆ ಬಂದದ್ದು ಕೆಂಪಲ್ಲ, ಹಳದಿ. ಸಾಲದು, ಇನ್ನೂ ಊದಿ, ಅಂತ. ಮತ್ತೆ ಊದಿದ. ಕತ್ತಿನ ನರ ಎದ್ದು ನಿಂತಿತು. ಕಿರ್ರ್. ಸಾಲದು. ಮತ್ತೆ. ಕಣ್ಣಲ್ಲಿ ನೀರು ಬಂತು, ಕೆಮ್ಮು ಶುರುವಾಯಿತು, ಸ್ಟೀರಿಂಗಿಗೆ ಹಣೆ ಒರಗಿಸಿದ. ಸಾಲದು. ಸಾಲದು.

ನಾನು ಹತ್ತಿರ ಬಗ್ಗಿ ಮೂಸಿದೆ, ಅತ್ತೆಯ ಹಾಗೆಯೇ. ಪೆಪ್ಪರ್‌ಮಿಂಟು, ತಂಬಾಕು. ಬೇರೇನೂ ಇಲ್ಲ.

"ನೀನು ಕುಡಿದಿಲ್ಲ."

"ಹೊಸ ವರ್ಷದಿಂದ ಒಂದು ತೊಟ್ಟು ಮುಟ್ಟಿಲ್ಲ."

"ಮತ್ತೆ ದಿನಾ ಬೆಳಿಗ್ಗೆ ನಾನು ಕುಡುಕ ಕುಡುಕ ಅಂತ ಬೈತಿದ್ನಲ್ಲ?"

"ಬೈಸ್ಕೊಳ್ಳೋದೇ ಸುಲಭ ಆಗಿತ್ತು ಮಗಾ. ಕುಡುಕ ಆದ್ರೆ ನಾಳೆ ಬಿಡಬಹುದು."

ನನ್ನ ಬಾಯಿಂದ ಬಂದದ್ದು, "ಚಿತ್ರ ತೆಗೆಸು."

"ನಿಮ್ ತಾತನ್ನ ಏನ್ ಮಾಡಿದ್ರು ಗೊತ್ತಾ? ಕೊಯ್ದ್ರು, ನೋಡಿದ್ರು, ಹಾಗೇ ಹೊಲಿದು ಕಳಿಸಿದ್ರು. ಆರು ವಾರ. ಗಾಳಿ ತಾಗ್ತು, ಹಬ್ಬಿಬಿಡ್ತು. ನಮ್ ಗಣೀಲಿ ಚಿಕ್ಕ ಹುಡುಗಂಗೂ ಗೊತ್ತು. ಒಳಗೆ ಕಲ್ಲಿದ್ದಲು ಕಾವು ಹಿಡಿದ್ರೆ ಆ ಸುರಂಗಕ್ಕೆ ಗೋಡೆ ಕಟ್ಟಿಬಿಡ್ತೀವಿ. ಅಷ್ಟೇ. ಗೋಡೆ ಒಡೆದು ಗಾಳಿ ಬಿಟ್ಯೋ, ಭಗ್ ಅಂತ ಹತ್ಕೊಳತ್ತೆ. ನಂದು ಮುಚ್ಚಿದೆ. ಮುಚ್ಚೇ ಇರ್ಲಿ."

"ಚಿತ್ರ ತೆಗೆಯೋಕೆ ಯಾರೂ ಕೊಯ್ಯಲ್ಲ ಅಪ್ಪ."

"ಚಿತ್ರದಲ್ಲಿ ಕಂಡ್ರೆ ಕೊಯ್ತಾರೆ."

ಕ್ಲಬ್ಬಿಗೆ ಹೋಗಲಿಲ್ಲ. ಹೊಸ ಕಾಲುಚೀಲ ಹಾಕಿಕೊಂಡು ಟಿವಿ ಮುಂದೆ ಕೂತ.

ಎಂಟು ತಿಂಗಳು ನನ್ನ ಕೈಲಿ ಕುಡುಕ ಅನ್ನಿಸಿಕೊಂಡ, ನಿಜ ಹೇಳಲಿಲ್ಲ. ಇದು ಚೀಲಕ್ಕಿಂತ ದೊಡ್ಡ ಮೋಸ. ನಾನು ಅವನನ್ನು ಎಷ್ಟು ಕೆಟ್ಟದಾಗಿ ಬೈದಿದ್ದೇನೆ! ಅದಕ್ಕೆಲ್ಲ ಜವಾಬ್ದಾರಿ ಅವನೇ.

ಸೆಪ್ಟೆಂಬರ್ 9, ಮಂಗಳವಾರ

ಅಮ್ಮನಿಗೆ ಹೇಳಿಬಿಡುವುದು ಅಂತ ನಿರ್ಧಾರ ಮಾಡಿದೆ. ಅಮ್ಮ ಕ್ಯಾರವಾನ್ ಒಳಗೆ ಕಿಟಕಿಗೆ ಪರದೆ ಹಾಕುತ್ತಿದ್ದಳು. ಹಳದಿ ಬಟ್ಟೆ, ಅನಾನಸ್ ಚಿತ್ರ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದಳು.

"ಅಮ್ಮ, ಆ ಚೀಲದಲ್ಲಿ ಅಪ್ಪ ಊದಿಲ್ಲ. ನಾನು ಊದಿದ್ದು."

ಅವಳು ಪಿನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಚೀರುತ್ತಾಳೆ ಅಂದುಕೊಂಡಿದ್ದೆ. ಚೀರಲಿಲ್ಲ.

"ಗೊತ್ತು."

"ಅಪ್ಪ ಹೇಳಿದ್ನಾ?"

"ಅವನ್ಯಾಕೆ ಹೇಳ್ತಾನೆ. ಜೂನಲ್ಲಿ ಅವನ ಹುಟ್ಟುಹಬ್ಬ ನೆನಪಿದ್ಯಾ? ಕೇಕ್ ಮೇಲೆ ಒಂದೇ ಒಂದು ಮೇಣದಬತ್ತಿ. ಮೂರು ಸಲ ಊದಿದ. ಆರಲಿಲ್ಲ. ಕೊನೆಗೆ ತಮಾಷೆ ಮಾಡೋನ ಥರ ಬೆರಳಲ್ಲಿ ಹಿಸುಕಿ ಆರಿಸಿದ. ನೀವೆಲ್ಲ ನಕ್ಕಿರಿ. ಬತ್ತಿ ಆರಿಸೋಕೆ ಆಗದೋನು ಚೀಲ ಹೆಂಗೆ ತುಂಬ್ತಾನೆ ರೀಸ್?"

"ಮತ್ತೆ ಗ್ಲೆನಿಸ್ ಮುಂದೆ ಕಣ್ಣೀರು ಹಾಕಿದ್ಯಲ್ಲ?"

"ಒಂದು ಗಳಿಗೆ ನಂಬೋಣ ಅನ್ನಿಸ್ತು." ಪರದೆಯ ಮಡಿಕೆಯನ್ನು ಬೆರಳಲ್ಲಿ ಒತ್ತಿ ಒತ್ತಿ ಸರಿಮಾಡಿದಳು. "ಪಡುವಣ ಕರೇಲಿರೋ ಬ್ರೂಮ್‌ನಲ್ಲಿ ಸೂರ್ಯ ಸಮುದ್ರದೊಳಗೆ ಇಳಿಯತ್ತಂತೆ. ನಮ್ ಕಡೆ ಹುಟ್ಟೋದು ಮಾತ್ರ ಸಮುದ್ರದಲ್ಲಿ. ಒಂದ್ಸಲ ಅವನ ಜೊತೆ ಕೂತು ಅದನ್ನ ನೋಡಿಬಿಡ್ಬೇಕು ಅಂತ. ಆಮೇಲೆ ಬೇಕಾದ್ದಾಗ್ಲಿ."

"ಪರೀಕ್ಷೆ ಮಾಡ್ಸು ಅಂತ ಹಠ ಮಾಡಿದ್ದು ನೀನೇ ಅಲ್ವಾ!"

"ಚೆನ್ನಾಗಿದೆ ಅಂತ ಬರತ್ತೆ ಅಂದ್ಕೊಂಡು ಹಠ ಮಾಡಿದ್ದು."

ಇಬ್ಬರಿಗೂ ಗೊತ್ತಿದೆ. ಇಬ್ಬರೂ ಒಬ್ಬರ ಮುಂದೊಬ್ಬರು ಏನೂ ಗೊತ್ತಿಲ್ಲದ ಹಾಗೆ ನಾಟಕ ಆಡುತ್ತಿದ್ದಾರೆ, ನಡುವೆ ನನ್ನ ಉಸಿರು ಇಟ್ಟುಕೊಂಡು. ಈ ಮನೆಯಲ್ಲಿ ಏನೂ ಗೊತ್ತಿಲ್ಲದವನು ನಾನೊಬ್ಬನೇ ಇದ್ದೆ. ಪೆದ್ದನ ಹಾಗೆ ಊದಿದೆ.

ಸೆಪ್ಟೆಂಬರ್ 12, ಶುಕ್ರವಾರ

ಚೀಲ ತುಂಬಿ ಇಟ್ಟಿದ್ದೇನೆ. ಬೂಟು, ಮೂರು ಪ್ಯಾಂಟು, ಚಾಕು. ಬ್ರಾಡಿ ಯಾವತ್ತು ಅನ್ನುತ್ತಾನೋ ಅವತ್ತು ಎದ್ದುಹೋಗುವುದು. ಇವರು ಏನು ಬೇಕಾದರೂ ಮಾಡಿಕೊಳ್ಳಲಿ.

ಸಿಗರೇಟಿನ ಬದಲು ಎಳೆಯುವ ನನ್ನ ವೇಪ್ ಎಲ್ಲಿಟ್ಟೆನೋ ಸಿಗುತ್ತಿಲ್ಲ. ಮೂರ್ನಾಲ್ಕು ದಿನ ಆಯಿತು. ಹುಡುಕಬೇಕು.

ಗೋಡೆ ತೆಳು. ಪಕ್ಕದ ಕೋಣೆಯ ಕೆಮ್ಮು ಒಂದು ಸಲ ನಿಂತರೆ ಮುಂದಿನದಕ್ಕೆ ಕಾಯುತ್ತೇನೆ. ಅದರಿಂದ ನಿದ್ದೆ ಹಾಳು. ಪಡುವಣಕ್ಕೆ ಹೋದರೆ ಈ ಕಾಟ ಇರುವುದಿಲ್ಲ.

ಸೆಪ್ಟೆಂಬರ್ 18, ಗುರುವಾರ

ಆಯಿತು. ಮಾಡಿಬಿಟ್ಟೆ.

ಬೆಳಿಗ್ಗೆ ಎಂದಿನಂತೆ ಊದಿ ಹೊರಟೆ. ಮೇವಿನ ಅಂಗಡಿ ಎಡಕ್ಕೆ. ನಾನು ನೇರ ಹೋದೆ.

"ಎಲ್ಲಿಗೋ?"

ಗೇರು ಬದಲಿಸಿದೆ. ನಡುದಾರಿಯಲ್ಲಿ ಅತ್ತೆ ಇನ್ನೊಂದು ಸಲ ಕೇಳಿದಳು, ಊದಿದೆ. ಷೋ ಮೈದಾನದ ಗೇಟು ಕಂಡಾಗ ಅಪ್ಪನಿಗೆ ಅರ್ಥವಾಯಿತು.

"ತಿರುಗ್ಸು."

ಲಾರಿಯ ಮುಂದೆ ನಿಲ್ಲಿಸಿ, ಕೀಲಿ ತೆಗೆದು ಜೇಬಿಗೆ ಹಾಕಿದೆ. ಅಲ್ಲಿ ಏಳೆಂಟು ಜನ ಬೆಂಚಿನ ಮೇಲೆ ಕೂತಿದ್ದರು. ಅಪ್ಪನ ಜೊತೆ ಗಣಿಯಲ್ಲಿದ್ದ ಮೆರ್ವ್ ಕೂಡ ಇದ್ದ. ಈಗ ಹಲ್ಲೇ ಇಲ್ಲ, ಬಾಯಿ ಮಾತ್ರ ಮೊದಲಿನ ಹಾಗೇ.

"ಓಹೋ ಡೆಸ್! ನೀನು ಕ್ಲೀನು ಅಂತ ಕ್ಲಬ್ಬಲ್ಲೆಲ್ಲ ಸುದ್ದಿ. ಇಲ್ಲೇನ್ ಕೆಲಸ? ನಮ್ ಗೋಳು ನೋಡೋಕ್ ಬಂದ್ಯಾ?"

ಅಪ್ಪ ಇಳಿದು "ಮಗ ದಾರಿ ತಪ್ಪಿದ" ಅಂತ ನಕ್ಕ. ಆ ನಗು ನೋಡಿ ನನ್ನ ತಲೆ ಕೆಟ್ಟಿತು. ಲಾರಿಯ ಮೆಟ್ಟಿಲ ಮೇಲಿದ್ದ ನರ್ಸಿಗೆ ಕೇಳುವ ಹಾಗೆ ಕೂಗಿದೆ: "ಚೀಲದಲ್ಲಿದ್ದದ್ದು ನನ್ನ ಉಸಿರು. ಇವನದ್ದಲ್ಲ. ಇವನಿಗೆ ಊದೋಕೇ ಆಗಲ್ಲ."

ಬೆಂಚಿನಲ್ಲಿ ಯಾರೋ ಕಿಸಕ್ ಅಂದರು. "ಹಂಗಾದ್ರೆ ಹುಡುಗಂಗೆ ಕ್ಯಾನ್ಸರ್ ಇಲ್ಲ ಬಿಡಪ್ಪಾ, ಒಳ್ಳೇದಾಯ್ತು" ಅಂದರು ಇನ್ನೊಬ್ಬರು. ಅಪ್ಪನ ಮುಖ ಇಟ್ಟಿಗೆಯಂತೆ ಕೆಂಪಾಯಿತು.

ಮೆರ್ವ್ ಮಾತ್ರ ನಗಲಿಲ್ಲ. "ನಿಜವೇನೋ?" ಅಂದ.

"ಮುಚ್ಚಿದ್ದನ್ನ ತೆರೀಬಾರ್ದು ಮೆರ್ವ್. ನಿಂಗೊತ್ತಲ್ಲ. ಗಾಳಿ ತಾಗಿದ್ರೆ..."

"ಯಾರೋ ತೆರೀತಾರೆ ಅಂದಿದ್ದು? ನಾವು ಗೋಡೆ ಕಟ್ಟಿ ಸುಮ್ನೆ ಬಿಡ್ತಿದ್ವಾ? ಗೋಡೆಗೆ ಕೊಳವೆ ಇಡ್ತಿರಲಿಲ್ವಾ? ಒಳಗಿನ ಗಾಳಿ ಚೂರು ಎಳ್ಕೊಂಡು, ಚೀಲಕ್ಕೆ ತುಂಬಿ, ಮೇಲೆ ಕಳಿಸಿ, ಒಳಗೆ ಬೆಂಕಿ ಇದ್ಯೋ ಇಲ್ವೋ ನೋಡ್ತಿರಲಿಲ್ವಾ? ಗೋಡೆ ಮುಟ್ಟದೇನೇ?"

ಅಪ್ಪ ಗಾಡಿಯ ಕಡೆ ತಿರುಗಿದ. ಮೆರ್ವ್ ಬಿಡಲಿಲ್ಲ.

"ಬಗ್ಗಿ ಹೋಗೋಕೆ ಸೋಮಾರಿತನ ಮಾಡಿ, ಹೊರಗಿನ ಒಳ್ಳೇ ಗಾಳೀನ ಚೀಲಕ್ಕೆ ತುಂಬಿ ಕಳಿಸಿದ್ನಲ್ಲ, ಆ ಹುಡುಗ. ಅವನನ್ನ ಏನ್ ಮಾಡಿದ್ವಿ ಡೆಸ್?"

"ಬಿಡು ಮೆರ್ವ್."

"ಹೇಳು, ಏನ್ ಮಾಡಿದ್ವಿ?"

"ಹೊಡೆದ್ವಿ."

"ಮೊದ್ಲು ಹೊಡೆದೋನು ಯಾರು?"

ಅಪ್ಪ ತನ್ನ ಬೂಟು ನೋಡುತ್ತಾ ನಿಂತಿದ್ದ. ನರ್ಸ್ ಮೆಟ್ಟಿಲಿಳಿದು ಬಂದು ಅವನ ತೋಳು ಹಿಡಿದಳು. "ಬಾ ಚಿನ್ನ. ಅಂಗಿ ಕೂಡ ಬಿಚ್ಚೋದು ಬೇಡ. ಉಸಿರು ಹಿಡ್ಕೊಂಡ್ರೆ ಸಾಕು."

"ಎಷ್ಟೊತ್ತು?" ಅಂತ ಕೇಳಿದ. ನನ್ನಪ್ಪ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದು ಕೇಳಿರಲಿಲ್ಲ.

"ನಿನ್ ಕೈಲಾದಷ್ಟು."

ಮೆಟ್ಟಿಲು ಹತ್ತುವಾಗ ಒಂದು ಸಲ ನಿಂತು ಉಸಿರು ತೆಗೆದುಕೊಂಡ. ಆಗ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಇನ್ಮೇಲೆ ನನ್ ಜೊತೆ ಮಾತಾಡ್ಬೇಡ" ಅಂದ.

ಆಗಲಿ. ಯಾರಿಗೆ ಬೇಕು.

ಸೆಪ್ಟೆಂಬರ್ 30, ಮಂಗಳವಾರ

ಎದೆಯ ಬಲಗಡೆ, ಮೇಲ್ಭಾಗದಲ್ಲಿ, ಬಟಾಣಿಗಿಂತ ಸ್ವಲ್ಪ ದೊಡ್ಡದು. ಇದೆ.

ಅಮ್ಮನೇ ಬಂದು ಹೇಳಿದಳು, ಬಾಗಿಲಲ್ಲೇ ನಿಂತು, ಒಳಗೆ ಬರದೆ. "ನಿಂಗೆ ಸಮಾಧಾನ ಆಯ್ತಾ?" ಅಂತಲೂ ಕೇಳಿದಳು. ಆಮೇಲೆ ತಾನೇ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು.

ನಾನೇ ತಂದು ಇಟ್ಟೆನೋ ಎನ್ನುವ ಹಾಗೆ ಇಬ್ಬರೂ ನೋಡುತ್ತಾರೆ. ಕ್ಯಾರವಾನಿನ ಅನಾನಸ್ ಪರದೆ ಕೆಳಗಿಳಿದಿದೆ.

ಅಕ್ಟೋಬರ್ 14, ಮಂಗಳವಾರ

ನ್ಯೂಕ್ಯಾಸಲ್‌ನ ದೊಡ್ಡಾಸ್ಪತ್ರೆಗೆ ಮೂರನೇ ಸಲ ಹೋಗಿಬಂದದ್ದು. ಇನ್ನಷ್ಟು ಚಿತ್ರ. ಹೋಗುವಾಗಲೂ ಬರುವಾಗಲೂ ಅಪ್ಪ ಕಿಟಕಿಯಾಚೆ ನೋಡುತ್ತಿದ್ದ. ಹೇಳಬೇಕಾದ್ದೇನಾದರೂ ಇದ್ದರೆ ಅಮ್ಮನಿಗೆ ಹೇಳುತ್ತಾನೆ: "ನೋರೀನ್, ನಿನ್ ಮಗಂಗೆ ಹೇಳು, ಎಡಕ್ಕೆ ತಿರುಗಬೇಕಂತೆ." ನಾನು "ಅಮ್ಮ, ನಿನ್ ಗಂಡಂಗೆ ಹೇಳು, ನಂಗೂ ಕಣ್ಣಿದೆ" ಅನ್ನುತ್ತೇನೆ. ನಡುವೆ ಅಮ್ಮ, ಹಾಡುಗಳ ಚಾನಲ್ಲು ಹುಡುಕುತ್ತಿರುತ್ತಾಳೆ.

ಡಾಕ್ಟರ್ ಒಬ್ಬಳು ಚಿಕ್ಕ ವಯಸ್ಸಿನವಳು. ಅವಳು ಹೇಳಿದ್ದು: ಅಪ್ಪನಿಗೆ ಉಸಿರು ಸಾಲದ್ದು ಈ ಬಟಾಣಿಯಿಂದ ಅಲ್ಲ, ಹೊಗೆ ಮತ್ತು ಧೂಳಿನಿಂದ. ಬಟಾಣಿ ಇನ್ನೂ ಸದ್ದಿಲ್ಲದೆ ಕೂತಿತ್ತು. ಇಂಥ ಎದೆಯನ್ನು ಕೊಯ್ಯುವುದು ಅಪಾಯ, ಆದ್ದರಿಂದ ಕೊಯ್ಯುವುದಿಲ್ಲ. ಹೊರ ಹೊರಗಿನಿಂದಲೇ ಕಿರಣ ಬಿಡುತ್ತಾರೆ, ಎರಡು ವಾರದಲ್ಲಿ ಕೆಲವು ಸಲ. ಸಣ್ಣದಿರುವಾಗ ಸಿಕ್ಕಿದ್ದರಿಂದ ಆಗುವ ಕೆಲಸ ಇದು.

"ಕೊಯ್ಯಲ್ವಾ?" ಅಂದ ಅಪ್ಪ.

"ಇಲ್ಲ ಡೆಸ್."

"ಗಾಳಿ ತಾಗಲ್ವಾ?"

ಅವಳಿಗೆ ಅರ್ಥವಾಗಲಿಲ್ಲ. ನಾನು "ತಾಗಲ್ಲ" ಅಂದೆ. ಅವನು ನನ್ನ ಕಡೆ ನೋಡಲಿಲ್ಲ, ಆದರೆ ಕೇಳಿಸಿಕೊಂಡ.

ವಾಸಿಯಾಗುತ್ತದೆಯೇ ಅಂತ ಅಮ್ಮ ಕೇಳಿದಳು. "ಮಾತು ಕೊಡೋಕಾಗಲ್ಲ, ಅವಕಾಶ ಚೆನ್ನಾಗಿದೆ" ಅಂದಳು ಡಾಕ್ಟರ್. ಗಾಡಿಯಲ್ಲಿ ಅಮ್ಮ ದಾರಿಯುದ್ದಕ್ಕೂ ಅತ್ತಳು. ಅಪ್ಪ ಅವಳ ಮೊಣಕಾಲ ಮೇಲೆ ಕೈ ಇಟ್ಟಿದ್ದ. ನಾನು ಬರೀ ಡ್ರೈವರು.

ಇವನು ಬಚ್ಚಿಟ್ಟದ್ದೆಲ್ಲ ಚಾಕುವಿನ ಭಯಕ್ಕೆ. ಚಾಕು ಇಲ್ಲವೇ ಇಲ್ಲ. ಇದನ್ನು ಅವನ ಮುಖಕ್ಕೆ ಹೇಳಿ ಜಗಳ ಆಡಬೇಕು ಅಂತಿದೆ. ಮಾತಾಡದವನ ಜೊತೆ ಜಗಳ ಆಡುವುದು ಹೇಗೆ?

ಅಕ್ಟೋಬರ್ 25, ಶನಿವಾರ

ಬ್ರಾಡಿ ಹೋದ. ಬಸ್ಸಿನವರೆಗೂ ಬಿಟ್ಟು ಬಂದೆ. "ನೀನು ಯಾವಾಗ್ಲೋ?" ಅಂದ. ಇಲ್ಲಿ ಗಾಡಿ ಓಡಿಸುವವರು ಇಲ್ಲ, ಅಮ್ಮನಿಗೆ ನ್ಯೂಕ್ಯಾಸಲ್ ರಸ್ತೆ ಭಯ, ಇದೆಲ್ಲ ಮುಗಿಯಲಿ ಅಂದೆ. "ಅವರು ನಿನ್ ಜೊತೆ ಮಾತಾಡ್ತಾರಾ?" "ಇಲ್ಲ." "ಮತ್ಯಾಕೋ?" ಅಂದ. ಬಸ್ಸು ಬಂತು.

ಟೈರ್ ಅಂಗಡಿಯಲ್ಲಿ ವೇಪ್ ಸಿಕ್ಕಿತು, ಜ್ಯಾಕಿನ ಕೆಳಗೆ. ಒಡೆದುಹೋಗಿತ್ತು. ಎಸೆದೆ.

ಅಕ್ಟೋಬರ್ 27, ಸೋಮವಾರ

ಇವತ್ತು ಮೊದಲ ಕಿರಣ. ಆಸ್ಪತ್ರೆ ಹತ್ತಿರದ ವಸತಿಯಲ್ಲಿ ಎರಡು ರಾತ್ರಿ ಇರಬೇಕು. ಅಮ್ಮ ಬರುವುದಿಲ್ಲ. ರಾತ್ರಿಯೆಲ್ಲ ವಾಂತಿ, ಹೆದರಿಕೆಗೆ. ಗ್ಲೆನಿಸ್ ಬಂದು ಅವಳ ಜೊತೆ ಕೂತಿದ್ದಾಳೆ. ಅಂದರೆ ನಡುವೆ ಯಾರೂ ಇಲ್ಲದೆ ನಾವಿಬ್ಬರೇ.

ಮನೆಯಲ್ಲಿ ಬೇರೆ ಚೀಲ ಇರಲಿಲ್ಲ, ಪಡುವಣಕ್ಕೆ ಅಂತ ಕಟ್ಟಿದ್ದನ್ನೇ ಬಿಚ್ಚಿ, ಬೂಟು ತೆಗೆದು, ಅಪ್ಪನ ಪೈಜಾಮ, ಬ್ರಷ್ಷು, ಆ ಕಾಲುಚೀಲ ತುಂಬಿದೆ. ನನ್ನದೂ ಒಂದು ಅಂಗಿ.

ಕ್ಷಮಿಸಿಲ್ಲ, ಇಲ್ಲಿ ಬರೆದಿಡುತ್ತೇನೆ. ನನ್ನ ಉಸಿರು ಕದ್ದದ್ದು, ಕಣ್ಣು ಹೊಡೆದದ್ದು, ಎಂಟು ತಿಂಗಳು ಕುಡುಕ ಅನ್ನಿಸಿಕೊಂಡದ್ದು, ಅಮ್ಮ ಗೊತ್ತಿದ್ದೂ ಪರದೆ ಹೊಲಿದದ್ದು, ಯಾವುದನ್ನೂ ಮರೆತಿಲ್ಲ. ಅವನೂ ಕ್ಷಮಿಸಿಲ್ಲ. ಕ್ಲಬ್ಬಿನಲ್ಲಿ ಈಗಲೂ ಯಾರೋ "ಡೆಸ್, ಬಿಯರ್ ಗ್ಲಾಸ್ ನೊರೆ ಊದೋಕೆ ಮಗ ಬೇಕಾ?" ಅನ್ನುತ್ತಾರಂತೆ. ಅದಕ್ಕೂ ನನ್ನನ್ನೇ ಬೈಯುತ್ತಿರಬೇಕು, ಮನಸ್ಸಿನಲ್ಲಿ.

ಹಾರ್ನ್ ಹೊಡೆಯುತ್ತಿದ್ದಾನೆ. ಒಂದು ಸಲ, ಉದ್ದಕ್ಕೆ. ಗಾಡಿಯಲ್ಲಿ ಹೋಗಿ ಕೂತಿದ್ದಾನೆ, ಕಿಟಕಿಯಿಂದ ಕಾಣುತ್ತದೆ. ಕೂತಿರುವುದು ಡ್ರೈವರ್ ಸೀಟಿನಲ್ಲಿ. ಕೊಳವೆ ಬಾಯಿಗಿಟ್ಟಿದ್ದಾನೆ. ಕಿರ್ರ್. ಮತ್ತೊಂದು ಸಲ. ಕಿರ್ರ್.

ಈಗ ಕೆಳಗಿಟ್ಟ. ನಿಧಾನಕ್ಕೆ ಪಕ್ಕದ ಸೀಟಿಗೆ ಸರಿದ. ಗಾಜು ಇಳಿಸುತ್ತಿದ್ದಾನೆ.

"ರೀಸ್! ಬಾರೋ. ಅತ್ತೆಗೆ ನೀನೇ ಬೇಕಂತೆ."

ತಿಂಗಳ ಮೇಲಾಯಿತು ಅವನ ಬಾಯಲ್ಲಿ ನನ್ನ ಹೆಸರು ಬಂದು. ಅತ್ತೆಯ ನೆಪ ಬೇರೆ.

ಬರುತ್ತೇನೆ ಅಂತ ಕೂಗುವುದಿಲ್ಲ. ಈ ಡೈರಿ ಮುಚ್ಚಿ, ಚೀಲ ಹೆಗಲಿಗೆ ಹಾಕಿ, ಬಾಗಿಲು ಎಳೆದುಕೊಂಡು ಹೊರಡುತ್ತೇನೆ.